ಒಂದೇ ಥರದ ಎರಡು ಶೀಶೆ

ನಮ್ಮ ಯಜಮಾನರದು ಕ್ಷೌರದ ಅಂಗಡಿ. ದಿನವಿಡೀ ನಿಂತೇ ಕೆಲಸ. ಮಲಗಿ ಎದ್ದರೂ ರಾತ್ರಿಯೆಲ್ಲ ಮೂಟೆ ಹೊತ್ತವರ ಹಾಗಿರುತ್ತಿದ್ದರು. ಅವರ ಗೊರಕೆಗೆ ನನಗೂ ನಿದ್ದೆಯಿಲ್ಲ. ಸಾಲದ್ದಕ್ಕೆ ಮರೆವು ಬೇರೆ. ಮೀಸೆ ಇರಲಿ ಎಂದ ಗಿರಾಕಿಯ ಮೀಸೆಯನ್ನೇ ಬೋಳಿಸಿಬಿಟ್ಟರು.

ಯಾರೋ ಹೇಳಿದರೆಂದು ಔಷಧಿ ಅಂಗಡಿಯಿಂದ ಎರಡು ಬಗೆಯ ಮಾತ್ರೆ ತಂದರು. ನಿದ್ದೆಗೆ ಮೆಲಟೋನಿನ್, ಮಿದುಳಿಗೆ ಮೆಗ್ನೀಷಿಯಂ. ಕಸುಬಿನ ಅಭ್ಯಾಸ ಬಿಡಬೇಕಲ್ಲ. ಕ್ರೀಮು, ಪೌಡರು ಸುರಿದಿಡುವಂತೆ ಎರಡನ್ನೂ ಒಂದೇ ಥರದ ಶೀಶೆಗಳಿಗೆ ಸುರಿದು ಡಬ್ಬಿ ಎಸೆದರು. ಎಡಗಡೆಯದು ಬೆಳಿಗ್ಗೆಗೆ, ಬಲಗಡೆಯದು ರಾತ್ರಿಗೆ. ನೋಡದೆ ಕೈ ಹಾಕಿದರೂ ಬೇಕಾದ್ದು ಸಿಗುತ್ತದೆಂಬ ಜಂಬ. ಶೀಶೆ ಇಟ್ಟ ಹಲಗೆ ಒರೆಸುವಾಗ ತಾವೇ ಅದಲುಬದಲು ಮಾಡಿಟ್ಟು, ಬೆಳಿಗ್ಗೆ ನಿದ್ದೆ ಮಾತ್ರೆ ನುಂಗಿ ಕತ್ತಿ ಹಿಡಿದರು. ತೂಕಡಿಕೆಯಲ್ಲಿ ಗಿರಾಕಿಯ ಕಿವಿ ಕೊಯ್ದರು. ಸದ್ಯ, ಕುತ್ತಿಗೆಯಲ್ಲ.

ಸಂಜೆ ಪಕ್ಕದ ಮನೆಯ ನರ್ಸಕ್ಕ ಬಂದರು.

"ಎರಡರಲ್ಲಿ ಯಾವ್ದು ಒಳ್ಳೇದು ಹೇಳಿ ಅಕ್ಕ, ಅದೊಂದನ್ನೇ ತಗೋತೀನಿ," ಎಂದರು ಇವರು.

"ಮೆಲಟೋನಿನ್ ನಿದ್ದೆ ಬರೋ ಹೊತ್ತನ್ನ ಸರಿಮಾಡೋಕೆ, ಅದೂ ಸ್ವಲ್ಪ ದಿನಕ್ಕೆ. ನುಂಗಿದ್ಮೇಲೆ ಕತ್ತಿ, ಗಾಡಿ ಮುಟ್ಟಬಾರ್ದು. ಮೆಗ್ನೀಷಿಯಂ ಮೈಯಲ್ಲಿ ಅದು ಕಮ್ಮಿ ಇದ್ದೋರಿಗೆ. ಕಿಡ್ನಿ ತೊಂದ್ರೆ ಇದ್ರೆ ಅಪಾಯ. ಇವುಗಳಿಂದ ಮರೆವು ಹೋಗುತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ."

"ಡಾಕ್ಟ್ರ ಚೀಟಿ ಇಲ್ದೇನೇ ಕೊಡ್ತಾರೆ, ಏನಾಗುತ್ತೆ ಬಿಡಿ."

"ನಿಮ್ಮ ಕತ್ತೀನೂ ಚೀಟಿ ಇಲ್ದೇನೇ ಸಿಗುತ್ತೆ."

ಇವರು ತಲೆ ತಗ್ಗಿಸಿಕೊಂಡೇ ಹೇಳಿದರು. "ನಮ್ಮಪ್ಪ ಕೊನೆಕೊನೆಗೆ ನನ್ನನ್ನೇ 'ಯಾರಪ್ಪ ನೀನು' ಅಂದ. ನಂಗೂ ಹಾಗೇ ಆಗ್ತಿದೆ ಅಂತ ಭಯ ಅಕ್ಕ."

ನನಗೂ ಹೇಳದ ಮಾತು. ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ನರ್ಸಕ್ಕ ನನ್ನತ್ತ ತಿರುಗಿದರು. "ಇವ್ರ ಗೊರಕೆ ನಮ್ಮನೇಗೂ ಕೇಳ್ಸುತ್ತೆ. ಹೊಡೀತಾ ಹೊಡೀತಾ ಉಸಿರು ನಿಲ್ಲುತ್ತಾ?"

"ನಿಲ್ಲುತ್ತೆ. ಅಲ್ಲಾಡಿಸಿದ್ರೆ ಮತ್ತೆ ಬರುತ್ತೆ."

"ಹಾಗಾದ್ರೆ ಮೊದ್ಲು ಡಾಕ್ಟರಿಗೆ ತೋರ್ಸಿ. ಉಸಿರು ಕಟ್ಟೋರಿಗೆ ನಿದ್ದೆ ಪೂರ್ತಿ ಆಗಲ್ಲ, ಅದ್ರಿಂದ್ಲೂ ಮರೆವು ಬರಬಹುದು. ಚಿಕಿತ್ಸೆ ಇದೆ."

ಮರುದಿನ ಅಂಗಡಿ ಮುಚ್ಚಿ ಇಬ್ಬರೂ ಆಸ್ಪತ್ರೆಗೆ ಹೋದೆವು. ಪರೀಕ್ಷೆ ಮಾಡಿದಾಗ ಉಸಿರುಕಟ್ಟುವ ತೊಂದರೆಯೇ ಎಂದು ತಿಳಿಯಿತು. ಈಗ ಉಸಿರು ಕಟ್ಟದಂತೆ ಮೂಗಿಗೆ ಗಾಳಿ ಊದುವ ಯಂತ್ರ ಹಾಕಿಕೊಂಡು ಮಲಗುತ್ತಾರೆ. ದಣಿವು ಇನ್ನೂ ಪೂರ್ತಿ ಹೋಗಿಲ್ಲ, ನಿಧಾನವಾಗಿ ಇಳಿಯುತ್ತಿದೆ.

ನಿದ್ದೆಗೆ, ನೆನಪಿಗೆ ಎಂದು ಮಾತ್ರೆ ಕೊಳ್ಳುವ ಮುಂಚೆ ಡಾಕ್ಟರನ್ನು ಕೇಳಿ. ಮಾತ್ರೆ ಅದರ ಡಬ್ಬಿಯಲ್ಲೇ ಇರಲಿ. ಪಕ್ಕದಲ್ಲಿ ಮಲಗುವವರೇ, ನೀವು ಕಂಡದ್ದನ್ನು ಹೇಳಿ. ತಮ್ಮ ಉಸಿರು ನಿಂತದ್ದು ಮಲಗಿದವರಿಗೆ ಗೊತ್ತಾಗುವುದಿಲ್ಲ.