ಎಡೆಗೆ ಬಂದ ಪತಂಗ

ನಮ್ಮ ಮಾವ ಬೈರಣ್ಣನವರ ಹಟ ಇಡೀ ಪುಟ್ಟೇನಹಳ್ಳಿಗೇ ಗೊತ್ತಿತ್ತು. ಮಗ ದಿನೇಶ ಹೇಳದೆ ಕೇಳದೆ ನನ್ನನ್ನು ಮದುವೆಯಾದನೆಂದು ಆರು ವರ್ಷ ನನ್ನ ಕೈಯಡುಗೆ ಮುಟ್ಟಲಿಲ್ಲ. ಹಾಗಂತ ಮುನಿಸಿಕೊಂಡು ಕೂತವರಲ್ಲ. ಮಾತಾಡುತ್ತಿದ್ದರು, ನನ್ನ ಸ್ಕೂಟರಿಗೆ ತಾವೇ ಗಾಳಿ ಹೊಡೆಸಿ ತರುತ್ತಿದ್ದರು. ತಟ್ಟೆಗೆ ಮಾತ್ರ ಅತ್ತೆ ಮಾಡಿದ್ದೇ ಬೀಳಬೇಕು. ಆಷಾಢದಲ್ಲಿ ತೀರಿಕೊಂಡರು. ಒಂದು ತುತ್ತೂ ತಿನ್ನದೆ ಹೋದರಲ್ಲ ಎಂಬ ಸಂಕಟ ನನ್ನನ್ನು ಬಿಟ್ಟಿರಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಅವರಿಗೆ ಎಡೆ ಇಡಬೇಕು. ಅತ್ತೆ ಅಕ್ಕಯಮ್ಮನ ಕೈಗೆ ಪ್ಲಾಸ್ಟರ್. ಅಡುಗೆ ನನ್ನ ಪಾಲಿಗೆ ಬಂತು. ಮಾಂಸ ಮುಟ್ಟದ ಮನೆಯಲ್ಲಿ ಹುಟ್ಟಿದವಳು ನಾನು, ಕೋಳಿಸಾರು ದಿನೇಶನೇ ಮಾಡಿದ. ನಾನು ಬಾಳೆಹಣ್ಣಿನ ಶೀಕರಣೆ ಮಾಡಿದೆ. ಹಣ್ಣು ಕಳಿತು ಹೆಂಡದ ವಾಸನೆ ಬರುವಷ್ಟಾಗಿತ್ತು, ಬೇರೆ ತರಲು ಹೊತ್ತಿರಲಿಲ್ಲ. ಸಂಜೆ ಹೊಸ ಪಂಚೆ, ಒಂದು ಗ್ಲಾಸು ಬ್ರಾಂದಿ, ಅಡುಗೆ ಎಲ್ಲ ಇಟ್ಟು, ಹಿರಿಯರು ನೆಮ್ಮದಿಯಾಗಿ ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ನಿಂತೆವು.

ಸ್ವಲ್ಪ ಹೊತ್ತಿಗೆ ಅತ್ತೆ ಕೆಮ್ಮಿ, ಬಾಗಿಲು ತಟ್ಟಿ ತೆರೆದರು. ಶೀಕರಣೆ ಬಟ್ಟಲಿನ ಅಂಚಿನಲ್ಲಿ ಅಂಗೈಯಗಲದ ಕಂದು ಪತಂಗ! ರೆಕ್ಕೆಗಳ ಮೇಲೆ ದುರುಗುಟ್ಟುವ ಎರಡು ಕಣ್ಣು, ಥೇಟ್ ಗೂಬೆಯ ಹಾಗೆ.

“ಬಂದ್ರು!” ಎಂದರು ಅತ್ತೆ. “ನೋಡೇ, ಬ್ರಾಂದಿ ಬಿಟ್ಟು ನಿನ್ ಬಟ್ಲಿಗೇ ಬಾಯಿ ಹಾಕವ್ರೆ.”

ಪದ್ಮನಾಭನಗರದಲ್ಲಿ ಬಯಾಲಜಿ ಟ್ಯೂಷನ್ ಹೇಳುವವಳು ನಾನು, ಬಾಯಿ ಸುಮ್ಮನಿರಬೇಕಲ್ಲ. “ಅತ್ತೆ, ಇದು ಗೂಬೆ ಪತಂಗ ಅಂತ, ಕಾಡಿನ ಹುಳ. ಕಳಿತ ಹಣ್ಣಿನ ವಾಸನೆಗೆ ಕಿಟಕಿಯಿಂದ ಬಂದಿದೆ.”

“ಹುಳ ಅಂತ ನಂಗೂ ಕಾಣುತ್ತೆ ಕಣಮ್ಮ, ಪ್ಲಾಸ್ಟರ್ ಹಾಕಿರೋದು ಕೈಗೆ, ಕಣ್ಣಿಗಲ್ಲ. ಆದ್ರೆ ನೀನು ಟ್ಯೂಷನ್‌ಗೆ ಹೋದ್ಮೇಲೆ ನಿಮ್ಮಾವ ದಿನಾ ನಿನ್ ಪಾತ್ರೆ ಮುಚ್ಚಳ ತೆಗೆದು ಮೂಸೋರು. ‘ಹುಡ್ಗಿ ಇವತ್ತೇನು ಮಾಡವ್ಳೆ?’ ಅನ್ನೋರು. ತಿನ್ನಿ ಅಂದ್ರೆ, ‘ಇಷ್ಟು ವರ್ಷ ಆದ್ಮೇಲೆ ಯಾವ ಮುಖ ಇಟ್ಕೊಂಡು ಕೇಳ್ಲಿ?’ ಅಂತ. ನಿಂಗೆ ಹೇಳ್ಬಾರ್ದು ಅಂತ ಆಣೆ ಹಾಕ್ಸಿದ್ರು.”

ಪೆದ್ದ ಮಾವ! ಒಂದೇ ಒಂದು ಸಲ ಕೇಳಿದ್ದರೆ ಹಂಡೆಗಟ್ಟಲೆ ಮಾಡಿ ಬಡಿಸುತ್ತಿದ್ದೆ. ಪತಂಗ ದಾರದಂಥ ಸೊಂಡಿಲು ಚಾಚಿ ಹೀರುತ್ತಲೇ ಇತ್ತು.

ಹಿರಿಯರ ಊಟ ಮುಗಿಯದೆ ನಮಗೆ ಊಟವಿಲ್ಲ. ದಿನೇಶನಿಗೆ ಹಸಿವು ತಡೆಯಲಾಗಲಿಲ್ಲ, ಪತಂಗವನ್ನು ಓಡಿಸಲು ಟವೆಲ್ ಎತ್ತಿದ. ನಾನು ಅವನ ಕೈ ಹಿಡಿದೆ.

“ಸುಮ್ನಿರೋ! ಮಾವ ಇನ್ನೂ ಉಣ್ತಿದಾರೆ.”