ಫರ್ನೇಸಿನ ಮೂಗು

ನಮ್ಮ ಉತ್ತರ ಡಕೋಟಾದಲ್ಲಿ ಜನವರಿ ತಿಂಗಳು ಫರ್ನೇಸು ಕೈಕೊಟ್ಟರೆ ಗಂಡಸರು ಮೊದಲು ಮಾಡುವ ಕೆಲಸ ಅದರ ಮುಂದೆ ಸುಮ್ಮನೆ ನಿಲ್ಲುವುದು. ನನ್ನ ಗಂಡ ಡುವೇನ್ ಅಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ನೆಲಮಾಳಿಗೆಯಲ್ಲಿ ಹಾಗೇ ನಿಂತಿದ್ದ. ಇಡೀ ಮನೆಗೆ ಬಿಸಿಗಾಳಿ ಊದಬೇಕಾದ ಆ ತಗಡಿನ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು, ಟಿಕ್ ಎನ್ನುತ್ತಿತ್ತು, ಭಗ್ ಎಂದು ನೀಲಿ ಜ್ವಾಲೆ ಹಿಡಿಯುತ್ತಿತ್ತು. ಮರುಕ್ಷಣವೇ ಆರಿಹೋಗುತ್ತಿತ್ತು.

“ಏನಾಗಿದೆ?” ಎಂದು ಮೆಟ್ಟಿಲ ಮೇಲಿಂದ ಕೇಳಿದೆ.

“ಹತ್ಕೊಳ್ತಾ ಇಲ್ಲ.”

“ಅದು ನಂಗೂ ಕಾಣ್ತಿದೆ. ಯಾಕೆ ಅಂತ ಕೇಳಿದ್ದು.”

“ನೋಡ್ತಾ ಇದೀನಲ್ಲ, ಮಾರ್ಲಿಸ್.”

“ನೋಡಿದ್ರೆ ಹತ್ಕೊಳ್ಳೋ ಹಾಗಿದ್ರೆ ಬೆಂಕಿಪೊಟ್ಟಣ ಯಾಕೆ ಬೇಕಿತ್ತು ಮಾರಾಯ?”

ಬೇರೆ ದಿನವಾಗಿದ್ದರೆ ನಾನು ಹೀಗೆ ಉರಿದುಬೀಳುತ್ತಿರಲಿಲ್ಲ. ಅಂದು ಮಧ್ಯಾಹ್ನ ನಮ್ಮ ಮಗಳು ಬ್ರಿಟಾ ಹಸುಗೂಸನ್ನು ಎತ್ತಿಕೊಂಡು ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬರುವವಳಿದ್ದಳು. ಅಳಿಯನಿಗೆ ಎಣ್ಣೆಬಾವಿಯಲ್ಲಿ ಕೆಲಸ, ಸಂಜೆಗೇ ಹೊರಡಬೇಕು. ಬಾಣಂತನ ನನ್ನ ಮನೆಯಲ್ಲೋ ಫಾರ್ಗೋದ ಬೀಗಿತ್ತಿ ಕ್ಯಾಂಡಿಸಳ ಮನೆಯಲ್ಲೋ ಎಂಬುದು ಬೇಸಿಗೆಯಿಂದಲೂ ಯಾರೂ ಬಾಯಿಬಿಟ್ಟು ಆಡದ ಜಗಳ. ಹೇಗೋ ನಾನು ಗೆದ್ದಿದ್ದೆ. ಕ್ಯಾಂಡಿಸ್ ಕೆಟ್ಟವಳಲ್ಲ. ಅದೇ ತೊಂದರೆ, ಕೆಟ್ಟವಳಾಗಿದ್ದರೆ ಇಷ್ಟು ಕಷ್ಟವಿರಲಿಲ್ಲ. ಅವಳ ಮನೆಯ ನೆಲದೊಳಗೇ ಬಿಸಿನೀರು ಹರಿಯುತ್ತದೆ, ಬರಿಗಾಲಲ್ಲಿ ಓಡಾಡಬಹುದು. ನಮ್ಮಲ್ಲಿ ಹೊರಗೆ ಉಗುಳಿದರೆ ನೆಲ ಮುಟ್ಟುವುದರೊಳಗೆ ಗಟ್ಟಿಯಾಗುವಂಥ ಚಳಿ.

ಬ್ರಿಟಾಗೆ ಫೋನು ಮಾಡಿ ವಿಷಯ ಹೇಳಿದೆ. “ಅಮ್ಮಾ, ಬೇಜಾರು ಮಾಡ್ಕೋಬೇಡ. ನಾವು ಬರೋ ಹೊತ್ತಿಗೂ ಸರಿಹೋಗಿಲ್ಲ ಅಂದ್ರೆ ಹಾಗೇ ಫಾರ್ಗೋಗೆ ಹೋಗ್ತೀವಿ. ಕ್ಯಾಂಡಿಸ್ ತೊಟ್ಟಿಲೂ ಇಟ್ಟಿದಾರಂತೆ.”

ತೊಟ್ಟಿಲೂ ಇಟ್ಟಿದಾಳೆ! ನಾನು ಗೆದ್ದ ಮೇಲೂ ಇಟ್ಟಿದಾಳೆ! 

ರಿಪೇರಿಯವನಿಗೆ ಫೋನು ಮಾಡಿದರೆ ಕತ್ತಲಾದ ಮೇಲೆಯೇ ಬರುವುದು ಎಂದ. ಅಷ್ಟರಲ್ಲಿ ಡುವೇನ್ ಗ್ಯಾರೇಜಿನಿಂದ ಎರಡು ಕರೆಂಟಿನ ಹೀಟರು ಹೊತ್ತು ತಂದದ್ದು ಎದುರುಮನೆಯ ಓರ್ಲಿನ್ ಕಣ್ಣಿಗೆ ಬಿದ್ದಿರಬೇಕು. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದರು. ಕೈಯಲ್ಲಿ ಸಾಮಾನಿನ ಪೆಟ್ಟಿಗೆ.

“ಹೀಗೇ ಈ ಕಡೆ ಬಂದೆ,” ಎಂದರು.

ಓರ್ಲಿನ್ ಹೊಲ ಮಗನಿಗೆ ಬಿಟ್ಟು ಊರೊಳಗೆ ಬಂದು ನೆಲೆಸಿದ ಮುದುಕ. ಹೆಂಡತಿ ತೀರಿಹೋಗಿದ್ದಾಳೆ. ನಮ್ಮಲ್ಲಿ ಯಾರೂ ಸಹಾಯ ಕೇಳುವುದಿಲ್ಲ, ಮಾಡುತ್ತೇನೆ ಎಂದು ಹೇಳುವುದೂ ಇಲ್ಲ. ಎಲ್ಲರೂ ಹೀಗೇ ಈ ಕಡೆ ಬರುತ್ತಾರೆ. ಓರ್ಲಿನ್ ಇದರಲ್ಲಿ ಒಂದು ಕೈ ಮೇಲು. ನಾವು ಏಳುವ ಮೊದಲೇ ನಮ್ಮ ಅಂಗಳದ ಹಿಮ ತೆಗೆದಿರುತ್ತಾರೆ. ಕೇಳಿದರೆ “ಗಾಳಿ ಗುಡಿಸಿರ್ಬೇಕು” ಎನ್ನುತ್ತಾರೆ. ತಪ್ಪಿ ಥ್ಯಾಂಕ್ಸ್ ಹೇಳಿದಿರೋ, ನಾಚಿಕೊಂಡು ವಾರಗಟ್ಟಲೆ ನಮ್ಮ ಕಡೆ ತಲೆಯೆತ್ತಿಯೂ ನೋಡುವುದಿಲ್ಲ.

ಇಬ್ಬರೂ ಕೆಳಗಿಳಿದರು, ನಾನೂ ಹಿಂದೆ ಹೋದೆ. ಗೋಡೆಯ ಥರ್ಮೋಸ್ಟಾಟ್ ನೋಡಿದರು, ಸರಿಯಿತ್ತು. ಫಿಲ್ಟರ್ ಎಳೆದು ಹೊಸದು ಹಾಕಿದರು. ಮುಚ್ಚಳ ಸಡಿಲವಿರಬಹುದೆಂದು ಬಿಗಿಯಾಗಿ ಒತ್ತಿ ಕೂರಿಸಿದರು. ಮತ್ತೆ ಗುಂಯ್, ಟಿಕ್, ಭಗ್. ಮತ್ತೆ ಕತ್ತಲೆ.

“ಜ್ವಾಲೆ ಹತ್ತಿದೆಯಾ ಇಲ್ವಾ ಅಂತ ನೋಡೋ ಒಂದು ಸಣ್ಣ ಕಡ್ಡಿ ಇರತ್ತಲ್ಲ, ಅದಕ್ಕೆ ಮಸಿ ಹಿಡಿದ್ರೆ ಹೀಗೇ ಆಡತ್ತೆ,” ಎಂದರು ಓರ್ಲಿನ್. ಗ್ಯಾಸ್ ಬಂದ್ ಮಾಡಿ, ಕಡ್ಡಿ ಬಿಚ್ಚಿ, ಉಕ್ಕಿನ ನಾರಿನಿಂದ ಬೆಳ್ಳಿ ಚಮಚದಂತೆ ಉಜ್ಜಿದರು. ಡುವೇನ್ ಟಾರ್ಚು ಹಿಡಿದ. ಕಡ್ಡಿ ತಿರುಗಿ ಕೂರಿಸಿ, ಗ್ಯಾಸ್ ಬಿಟ್ಟು, ಸ್ವಿಚ್ಚು ಹಾಕಿ, ಮೂವರೂ ಬಗ್ಗಿ ನೋಡಿದೆವು.

ಭಗ್. ಆಮೇಲೆ ಏನೂ ಇಲ್ಲ. ಒಳಗಿನ ಪುಟ್ಟ ಕೆಂಪು ದೀಪ ಮೂರು ಸಲ ಮಿನುಗಿ ನಿಂತಿತು, ಮತ್ತೆ ಮೂರು ಸಲ ಮಿನುಗಿತು.

ಮುಚ್ಚಳದ ಒಳಮೈಗೆ ಅಂಟಿಸಿದ್ದ ಚೀಟಿಯನ್ನು ನಾನು ಓದಿದೆ. “ಮೂರು ಸಲ ಅಂದ್ರೆ ಗಾಳಿ ದಾರಿ ಕಟ್ಟಿದೆ ಅಂತ. ಪೈಪಿಗೆ ಹಿಮ ಹೊಕ್ಕಿದೆಯೋ ಏನೋ, ಒಂದ್ಸಲ ಹೋಗಿ ನೋಡಬಾರದಾ ಡುವೇನ್?”

“ಪೈಪು ಮಂಡಿಗಿಂತ ಮೇಲಿದೆ ಕಣೇ. ಈ ಸಲ ಬಿದ್ದಿರೋ ಹಿಮದಲ್ಲಿ ಪಾದಾನೂ ಮುಳುಗಲ್ಲ. ಅದರೊಳಗೆ ಹೋಗ್ಬೇಕಾದ್ರೆ ಹಿಮ ಏಣಿ ಹಾಕ್ಕೊಂಡು ಹತ್ತಬೇಕು.”

“ಯಾವ ಪೈಪು?” ಓರ್ಲಿನ್ ಕೇಳಿದರು.

“ಇದು ಶರತ್ಕಾಲದಲ್ಲಿ ಹಾಕ್ಸಿದ್ದು. ಹೊಸ ಫರ್ನೇಸಿಗೆ ನಿಮ್ಮನೇದರ ಹಾಗೆ ಹೊಗೆಗೂಡು ಇಲ್ಲ ಓರ್ಲಿನ್. ಉತ್ತರದ ಗೋಡೇಲಿ ಎರಡು ಬಿಳೀ ಪೈಪು. ಒಂದರಲ್ಲಿ ಉಸಿರು ಎಳ್ಕೊಳ್ಳತ್ತೆ, ಇನ್ನೊಂದರಲ್ಲಿ ಬಿಡತ್ತೆ,” ಎಂದ ಡುವೇನ್.

“ಉತ್ತರದ ಗೋಡೇಲಿ,” ಎಂದರು ಓರ್ಲಿನ್. ಕೈಯಲ್ಲಿದ್ದ ಸಾಮಾನು ಕೆಳಗಿಟ್ಟರು. ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ಮೆಟ್ಟಿಲು ಹತ್ತಿ ಹೊರಟೇಹೋದರು.

“ಸಿಟ್ಟು ಬಂತಾ ಅವರಿಗೆ?” ಡುವೇನ್ ಕೇಳಿದ.

“ಬರದೆ ಇನ್ನೇನು! ಏಣಿಯಂತೆ ಏಣಿ. ನಿನ್ನ ಹಾಸ್ಯಕ್ಕೆ ಇವತ್ತೇ ಮುಹೂರ್ತ ಬೇಕಿತ್ತಾ?” ಕೋಟು ಸಿಕ್ಕಿಸಿಕೊಂಡು ಅವರ ಹಿಂದೆ ಓಡಿದೆ.

ಓರ್ಲಿನ್ ತಮ್ಮ ಮನೆಗೆ ಹೋಗಿರಲಿಲ್ಲ. ನಮ್ಮ ಮನೆಯ ಹಿಂದೆ, ಚಳಿಗಾಲದಲ್ಲಿ ಯಾರೂ ಕಾಲಿಡದ ಉತ್ತರದ ಮಗ್ಗುಲಲ್ಲಿ, ಮಂಡಿಯೂರಿ ಕುಳಿತು ಎರಡೂ ಕೈಯಿಂದ ಹಿಮ ಬಗೆಯುತ್ತಿದ್ದರು. ಗೋಡೆಗೆ ಈ ಮೂಲೆಯಿಂದ ಆ ಮೂಲೆಯವರೆಗೆ ಸೊಂಟದೆತ್ತರ ಹಿಮ ಪೇರಿಸಿತ್ತು. ಗಾಳಿ ಮಾಡಿದ ಕೆಲಸವಲ್ಲ ಅದು. ಸಲಿಕೆಯ ಬೆನ್ನಿನಿಂದ ತಟ್ಟಿ ತಟ್ಟಿ, ಮದುವೆ ಕೇಕಿಗೆ ಕೆನೆ ಹಚ್ಚಿದ ಹಾಗೆ ನಯಮಾಡಿದ್ದರು.

ನನಗೆ ತಕ್ಷಣ ಅರ್ಥವಾಯಿತು. ಹಳೆಯ ಕಾಲದವರು ಚಳಿಗಾಲಕ್ಕೆ ಮನೆಯ ಬುಡಕ್ಕೆ ಹುಲ್ಲೋ ಹಿಮವೋ ಒತ್ತುತ್ತಿದ್ದರು. ಕೊರೆಯುವ ಗಾಳಿ ನೆಲದಡಿಗೆ ನುಗ್ಗದಿರಲಿ ಎಂದು. ನನ್ನ ಅಜ್ಜನೂ ಒತ್ತುತ್ತಿದ್ದ. ಆದರೆ ಅಜ್ಜನ ಕಾಲದ ಗೋಡೆಗೆ ಮೂಗಿರಲಿಲ್ಲ.

“ಓರ್ಲಿನ್! ಇದು ನಿಮ್ಮ ಕೆಲಸಾನಾ?”

“ಗಾಳಿ...” ಎಂದು ಶುರುಮಾಡಿದವರು ಅಲ್ಲಿಗೇ ನಿಲ್ಲಿಸಿದರು. ನನ್ನ ಕಡೆ ನೋಡಲಿಲ್ಲ. “ಮಗು ಮಲಗೋ ಕೋಣೆ ಈ ಕಡೆ ಅಂತ ಡುವೇನ್ ಹೇಳಿದ್ದ. ನಮ್ಮಮ್ಮ ಪ್ರತಿ ಹೆರಿಗೆಗೂ ಅಪ್ಪನ ಕೈಲಿ ಗೋಡೆಗೆ ಹಿಮ ಒತ್ತಿಸ್ತಿದ್ರು. ನಾವು ಏಳು ಜನಾನೂ ಬದುಕಿದ್ವಿ.”

“ವಿಷದ ಹೊಗೆ ಮನೆಯೊಳಗೇ ತಿರುಗಿದ್ದಿದ್ರೆ ಏನು ಗತಿ?”

“ಅದು ತಿರುಗಬಾರದು ಅಂತಾನೇ ಫರ್ನೇಸು ತನ್ನಷ್ಟಕ್ಕೆ ಆರ್ಕೊಂಡಿದೆ ಕಣಮ್ಮ.”

ಅಂದರೆ ನಮ್ಮ ಮೂವರಿಗಿಂತ ಬುದ್ಧಿ ಆ ತಗಡಿನ ಪೆಟ್ಟಿಗೆಗೇ ಇತ್ತು. ನಾಲಿಗೆಯ ತುದಿಗೆ ಬೈಗುಳ ಬಂದು ಕುಣಿಯುತ್ತಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ಎರಡೂ ನಿಜವೇ. ಅವರನ್ನು ತಬ್ಬಿಕೊಳ್ಳಬೇಕೆನಿಸಿತು, ಆದರೆ ನಮ್ಮೂರಲ್ಲಿ ಹಾಡಹಗಲೇ ನೆರೆಯವರನ್ನು ತಬ್ಬಿದರೆ ಭಾನುವಾರ ಚರ್ಚಿನ ಕಾಫಿಗೆ ಬೇರೆ ಸುದ್ದಿಯೇ ಬೇಕಾಗುವುದಿಲ್ಲ. ನಾನೂ ಮಂಡಿಯೂರಿ ಬಗೆದೆ. ಒಂದು ಪೈಪಿನ ಬಾಯಿಗೆ ಹಿಮದ ಬಿರಡೆ ಹಾಕಿದಂತಿತ್ತು. ಬೆರಳಿಂದ ಕಿತ್ತು ತೆಗೆದೆವು. ಇನ್ನೊಂದರ ಸುತ್ತ ಕಟ್ಟಿದ್ದ ಮಂಜುಗಡ್ಡೆಯನ್ನು ಓರ್ಲಿನ್ ಹುಷಾರಾಗಿ ಒಡೆದರು. ಒಳಗೆ ಡುವೇನ್ ಸ್ವಿಚ್ಚು ಆರಿಸಿ ಹಾಕುತ್ತಲೇ ಇದ್ದನೆಂದು ಕಾಣುತ್ತದೆ. ಇದ್ದಕ್ಕಿದ್ದಂತೆ ಪೈಪಿನಿಂದ ಬೆಚ್ಚನೆಯ ಬಿಳಿ ಆವಿ ಭುಸ್ಸೆಂದು ನಮ್ಮ ಮುಖಕ್ಕೆ ಬಂತು. ಬಂದದ್ದು ನಿಲ್ಲಲಿಲ್ಲ.

“ಹತ್ಕೊಳ್ತು! ಮಾರ್ಲಿಸ್! ನಾನು ಸರಿಮಾಡ್ದೆ!” ಡುವೇನನ ಕೂಗು ಗೋಡೆ ದಾಟಿ ಕೇಳಿಸಿತು. “ಒಂದು ಗುದ್ದು ಕೊಟ್ಟೆ ನೋಡು, ಬಾಯ್ಮುಚ್ಕೊಂಡು ಉರೀತಿದೆ!”

ಓರ್ಲಿನ್ ನನ್ನ ತೋಳು ಹಿಡಿದರು. “ಅವನು ಹಾಗೇ ಅಂದ್ಕೊಂಡಿರ್ಲಿ ಬಿಡಮ್ಮ. ಪೈಪಿನ ಹತ್ರ ಇನ್ನು ಒಂದು ಚೂರೂ ಹಿಮ ಕೂರದ ಹಾಗೆ ನಾನು ನೋಡ್ಕೋತೀನಿ. ಈ ಮುದುಕ ಮಗೂನ ಚಳೀಲಿ ಕೊರೆಸಕ್ಕೆ ಹೊರಟಿದ್ದ ಅಂತ ಊರು ಆಡ್ಕೊಳ್ಳೋದು ಬೇಡ.”

 ಅಷ್ಟರಲ್ಲಿ ಕಾರಿನ ಸದ್ದಾಯಿತು.

ಅಡುಗೆಮನೆ ಇನ್ನೂ ಬೆಚ್ಚಗಾಗಿರಲಿಲ್ಲ. ಬ್ರಿಟಾ ಹೊದಿಕೆಯ ಗಂಟಿನಂತಿದ್ದ ಮಗುವನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಳು. ಹೊರಗೆ ಅಳಿಯ ಎಂಜಿನ್ ಆರಿಸದೆ ಕಾಯುತ್ತಿದ್ದ.

“ಎಲ್ಲಾ ಒಳಗೂ ಟೋಪಿ ಹಾಕ್ಕೊಂಡಿದೀರಲ್ಲ!” ಎಂದಳು.

“ಈಗ ತಾನೇ ಹತ್ಕೊಂಡಿದೆ ಪುಟ್ಟಿ, ಅರ್ಧಗಂಟೇಲಿ ಬೆಚ್ಚಗಾಗತ್ತೆ,” ಎಂದ ಡುವೇನ್. “ನಾನೇ ರಿಪೇರಿ ಮಾಡಿದ್ದು. ಒಂದೇ ಗುದ್ದು!”

ಬಾಯಿ ಬಿಟ್ಟರೆ ಬಣ್ಣಗೇಡು. ಬ್ರಿಟಾಳ ಮುಖ ಇಳಿಯಿತು. “ಗುದ್ದಿದ್ದಕ್ಕಾ ಸರಿಹೋಗಿದ್ದು? ಅಂದ್ರೆ ಏನಾಗಿತ್ತು ಅಂತ ನಿಮಗೆ ಯಾರಿಗೂ ಗೊತ್ತಿಲ್ಲ. ರಾತ್ರಿ ಮತ್ತೆ ಆರಿದ್ರೆ? ಇಲ್ಲ ಅಮ್ಮಾ, ಸಾರಿ. ನಾವು ಫಾರ್ಗೋಗೇ ಹೋಗ್ತೀವಿ.”

ನನ್ನ ಬಾಯಿಂದ ಆಗಲೇ ಅರ್ಧ ಮಾತು ಹೊರಟಿತ್ತು. ಓರ್ಲಿನ್ ಬಾಗಿಲ ಪಕ್ಕ ಗೋಡೆಗಂಟಿ ನಿಂತಿದ್ದರು, ಒದ್ದೆ ಕೈಗವಸು ಹಿಂಡುತ್ತಾ. ಆ ಮುಖ ನೋಡಿ, ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದೆ: ಬಾಯಿ ಮುಚ್ಚಿದೆ. ಮಗು ಫಾರ್ಗೋಗೆ ಹೋದರೆ ಹೋಗಲಿ, ಈ ಮಾತು ನಾನಾಡುವುದಲ್ಲ ಎನಿಸಿತು.  ಬ್ರಿಟಾ ಕಾರಿನ ಕಡೆ ತಿರುಗಿಯೇಬಿಟ್ಟಳು.

“ಅವನು ಗುದ್ದಿದ್ದಕ್ಕಲ್ಲ,” ಎಂದರು ಓರ್ಲಿನ್. “ನಿನ್ನ ಮಗೂಗೆ ಚಳಿ ಆಗಬಾರದು ಅಂತ ನಾನು ಆ ಗೋಡೆಗೆ ಹಿಮ ಒತ್ತಿದ್ದೆ. ಫರ್ನೇಸಿನ ಮೂಗು ಅಲ್ಲಿದೆ ಅಂತ ಗೊತ್ತಿರಲಿಲ್ಲ. ಈಗ ಬಿಡಿಸಿದೀನಿ. ಇನ್ನು ಆರಲ್ಲ. ನೀನು ಹೋಗ್ಬೇಡಮ್ಮ.”

ಡುವೇನ್ ಬಾಯಿ ತೆರೆದು, ತನ್ನ ಮುಷ್ಟಿಯನ್ನು ನೋಡಿಕೊಂಡು, ಮುಚ್ಚಿದ.

“ನನ್ನ ಮಗೂಗೆ ಅಂತಾನಾ?” ಬ್ರಿಟಾ ಕೇಳಿದಳು.

“ಹೂಂ.”

ಅವಳು ಓರ್ಲಿನ್ ಕೈಯ ಒದ್ದೆ ಗವಸು ನೋಡಿದಳು. ಆಮೇಲೆ ನಗು ಬಂತು. ನಕ್ಕು ನಕ್ಕು ಹೆರಿಗೆಗೆ ಹಾಕಿದ ಹೊಟ್ಟೆಯ ಹೊಲಿಗೆ ಎಳೆದು “ಅಯ್ಯೋ ಅಮ್ಮಾ” ಎಂದಳು. ಬಾಗಿಲಿಂದ ತಲೆ ಹಾಕಿ ಗಂಡನಿಗೆ, “ಎಂಜಿನ್ ಆರ್ಸು, ಸಾಮಾನು ಇಳ್ಸು!” ಎಂದು ಕೂಗಿದಳು. ಮರಳಿ ಬಂದವಳನ್ನು ನೋಡಿ ನಾನು ಎರಡೂ ಕೈ ಚಾಚಿ ಮುಂದೆ ಬಂದೆ. ಮಗಳು ನನ್ನನ್ನು ದಾಟಿ ಓರ್ಲಿನ್ ಎದುರು ಹೋಗಿ ನಿಂತಳು.

“ತಗೊಳ್ಳಿ. ಮೊದಲು ನೀವು.”

“ಬೇಡ ಬೇಡ, ನನ್ನ ಕೈ ಮಂಜಾಗಿದೆ.” ಅವರು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

“ಹಾಗಾದ್ರೆ ಕಾಯಿಸ್ಕೊಳ್ಳಿ. ನಾವು ಕಾಯ್ತೀವಿ.”

ಓರ್ಲಿನ್ ನೆಲದ ಜಾಲರಿಯಿಂದ ಬಿಸಿಗಾಳಿ ಏಳುವಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ತಿರುಗಿಸಿ ಕಾಯಿಸಿಕೊಂಡರು. ಆಗಾಗ ಕೆನ್ನೆಗೆ ಒತ್ತಿ ನೋಡಿ, ಸಾಲದೆಂದು ಮತ್ತೆ ಚಾಚಿದರು. ಅಷ್ಟು ನಿಧಾನವಾಗಿ ಕೈ ಕಾಯಿಸುವ ಮನುಷ್ಯನನ್ನು ನಾನು ನೋಡಿಲ್ಲ. ಕ್ಯಾಂಡಿಸಳನ್ನು ಗೆದ್ದ ನಾನು ಮೊಮ್ಮಗಳಿಗಾಗಿ ಓರ್ಲಿನ್ ಹಿಂದೆ ಸರದಿಯಲ್ಲಿ ನಿಂತೆ, ಟೋಪಿ ತೆಗೆದು.