ಅಡುಗೆಮನೆಗೆ ಹತ್ತು ಹೆಜ್ಜೆ

ನನ್ನ ಗಂಡ ಮಂಚ ಹಿಡಿದು ಆರು ತಿಂಗಳಾಗಿತ್ತು. ಬಚ್ಚಲಿಗೆ ಬಿಟ್ಟರೆ ಬೇರೆಲ್ಲಿಗೂ ಏಳುತ್ತಿರಲಿಲ್ಲ. ಕೇಳಿದರೆ, "ಏಳೋಕೇ ಆಗ್ತಿಲ್ಲ ಕಣೇ" ಅನ್ನುವುದು. ಆದರೆ ತಟ್ಟೆ ಕೈಗೆ ಕೊಟ್ಟರೆ ಬಳಿದು ತಿನ್ನುತ್ತಿದ್ದರು. ರೇಡಿಯೋದಲ್ಲಿ ತಮಾಷೆ ಬಂದರೆ ನಗುತ್ತಿದ್ದರು. ಕಾಯಿಲೆಯವರು ಹೀಗಿರುತ್ತಾರೆಯೇ? ನನಗೆ ರೇಗಿಹೋಗುತ್ತಿತ್ತು.

ಪುಸ್ತಕಗಳಿಗೆ ರಟ್ಟು ಹಾಕುವ ಅಂಗಡಿ ಇವರದೂ ಇವರ ಅಣ್ಣನದೂ. ಹಾಳೆ ಹೊಲಿಯುವುದು ಇವರ ಕೆಲಸ, ಕತ್ತರಿಸುವುದು ಭಾವನದು. ಹೊಲಿಯದ ಕಂತೆಗಳು ಸೂರು ಮುಟ್ಟಿದಾಗ ಭಾವ ಮನೆಗೇ ಬಂದರು.

"ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದಂತೆ. ಇವನು ಮಲಗೇ ಉಣ್ತಾನೆ! ಸೋಮವಾರ ಬರದಿದ್ರೆ ಅವನ ಜಾಗಕ್ಕೆ ಬೇರೆಯವರನ್ನ ಕೂರಿಸ್ತೀನಮ್ಮ."

ಅವತ್ತೇ ನಾನು ತೀರ್ಮಾನಿಸಿದೆ. ಮಂಚದ ಬಳಿ ಒಂದು ತಂಬಿಗೆ ನೀರಿಟ್ಟು, "ಇನ್ಮೇಲೆ ತಟ್ಟೆ ಇಲ್ಲಿಗೆ ಬರಲ್ಲ. ಹಸಿದ್ರೆ ಎದ್ದು ಬನ್ನಿ" ಅಂದೆ. ಅಡುಗೆಮನೆ ಹತ್ತು ಹೆಜ್ಜೆ. ಎರಡು ದಿನ ಅವರು ಬರಲಿಲ್ಲ. ಮೂರನೆಯ ದಿನ ಹೆದರಿ ನಾನೇ ಅನ್ನ ಒಯ್ದೆ. ಪೂರ್ತಿ ತಿಂದು, "ಚೆನ್ನಾಗಿದೆ" ಅಂದರು. ನನ್ನ ಸಿಟ್ಟು ನೆತ್ತಿಗೇರಿತು. ಏನೂ ಇಲ್ಲವೆಂದು ಬರೆಸಿ ಮುಖಕ್ಕೆ ಹಿಡಿಯೋಣವೆಂದೇ ಆಸ್ಪತ್ರೆಗೆ ಎಳೆದೊಯ್ದೆ.

ರಕ್ತಪರೀಕ್ಷೆಯ ಕಾಗದ ಬಂದದ್ದು ಮಂಗಳವಾರ. ಡಾಕ್ಟರಮ್ಮ ಅದನ್ನು ನನ್ನ ಕಡೆ ತಿರುಗಿಸಿದರು.

"ಇದು ಖಿನ್ನತೆ. ಮೈಯಲ್ಲಿ ಉರಿಯೂತವೂ ಜಾಸ್ತಿ ಇದೆ. ಕೆಲವರಲ್ಲಿ ಅದು ಮಿದುಳಲ್ಲಿ ಹುರುಪು ಹುಟ್ಟಿಸೋ ಡೋಪಮೈನ್ ಅನ್ನೋ ರಾಸಾಯನಿಕಾನ ತಗ್ಗಿಸುತ್ತೆ. ಕೈಗೆ ಕೊಟ್ಟಿದ್ದು ರುಚಿಸುತ್ತೆ, ಆದ್ರೆ ಅದಕ್ಕೋಸ್ಕರ ಎದ್ದು ಹೋಗೋ ಹುಮ್ಮಸ್ಸೇ ಹುಟ್ಟಲ್ಲ. ಸೋಮಾರಿತನ ಅಲ್ಲಮ್ಮ. ಚಿಕಿತ್ಸೆ ಇದೆ, ಟೈಮ್ ಬೇಕು."

ಆ ಕಾಗದದ ಕೆಳಗೆ ಅದನ್ನೇ ಬರೆಸಿಕೊಂಡು ಅಂಗಡಿಗೆ ಓಡಿದೆ. ಇವರ ಜಾಗದಲ್ಲಿ ಯಾರೋ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ. ಭಾವ ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದರು.

"ಛೇ, ಮೊದಲೇ ಹೇಳಬಾರದಿತ್ತಾ? ಈ ಹೊಸಬನಿಗೆ ಮಾತು ಕೊಟ್ಟುಬಿಟ್ಟೆನಲ್ಲ."

"ಅವರು ದಿನಾ ಹೇಳ್ತಿದ್ರು, ಭಾವ. ನಮಗೆ ಅವರ ಮಾತು ಸಾಲಲಿಲ್ಲ, ಕಾಗದ ಬೇಕಿತ್ತು."

ಭಾವನನ್ನು ಚುಚ್ಚಿದೆ ನಿಜ. ಇವರನ್ನು ಉಪವಾಸ ಕೆಡವಿದವಳು ಮಾತ್ರ ನಾನೇ.

ಮನೆಗೆ ಬಂದು ಮಂಚದ ಅಂಚಿಗೆ ಕೂತೆ. "ಆ ಎರಡು ದಿನ ಹಸಿವಾಗಲಿಲ್ವೇನ್ರೀ?"

"ತುಂಬಾ ಆಗಿತ್ತು" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಒಳಗೆ ಓಡಾಡೋದು ಕೇಳಿಸ್ತಿತ್ತು. ಈಗ ಬರ್ತೀಯ, ಈಗ ಬರ್ತೀಯ ಅಂತ ಕಾಯ್ತಿದ್ದೆ."